ಸಂಶೋಧನಾ ಲೇಖನಕ್ಕೆ ಅಂಕ ಅಂಟಿಕೊಂಡ ಬಗೆ

2025ರ ಫೆಬ್ರುವರಿಯಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಒಂದು ಪಟ್ಟಿಯನ್ನು ಕೈಬಿಟ್ಟಿತು. ಅದರ ಹೆಸರು 'ಯುಜಿಸಿ ಕೇರ್'. ಯಾವ ಸಂಶೋಧನಾ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಅಂತ ಹೇಳುತ್ತಿದ್ದ ಪಟ್ಟಿ ಅದು. ಐದು ವರ್ಷಕ್ಕೂ ಜಾಸ್ತಿ ಕಾಲ ಪಿಎಚ್‌.ಡಿ. ವಿದ್ಯಾರ್ಥಿಗಳೂ ಪ್ರೊಮೋಷನ್ನಿಗೆ ಕಾಯುತ್ತಿದ್ದ ಅಧ್ಯಾಪಕರೂ ಒಂದು ಪತ್ರಿಕೆಯ ಹೆಸರು ಕೇಳಿದ ಕೂಡಲೇ 'ಅದು ಕೇರ್ ಲಿಸ್ಟಲ್ಲಿ ಇದೆಯಾ?' ಅಂತ ವಿಚಾರಿಸುತ್ತಿದ್ದರು. ಲೇಖನದಲ್ಲಿ ಏನಿದೆ ಅನ್ನುವುದು ಆಮೇಲಿನ ಮಾತು.

ಈಗ ಪಟ್ಟಿ ಇಲ್ಲ. ಯಾವ ಪತ್ರಿಕೆ ಒಳ್ಳೆಯದು ಅಂತ ಆಯಾ ವಿಶ್ವವಿದ್ಯಾಲಯವೇ ತೀರ್ಮಾನ ಮಾಡಬೇಕು. ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಇದು ದೊಡ್ಡ ವಿಷಯ. ಯಾಕೆ ಅಂತ ತಿಳಿಯಬೇಕಾದರೆ ನೂರು ವರ್ಷಕ್ಕಿಂತ ಹಿಂದಕ್ಕೆ ಹೋಗಬೇಕು.

1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸು ವಿಶ್ವವಿದ್ಯಾಲಯಗಳು ಶುರುವಾದಾಗ ಸಂಶೋಧನೆ ಅವುಗಳ ಕೆಲಸವೇ ಆಗಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಅವು ಪರೀಕ್ಷೆ ನಡೆಸುತ್ತಿದ್ದವು, ಡಿಗ್ರಿ ಕೊಡುತ್ತಿದ್ದವು. ಪಾಠ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಹೊಸ ವಿಷಯ ಹುಡುಕಿ ಬರೆಯುವುದು ಅಧ್ಯಾಪಕನ ಕೆಲಸ ಅನ್ನುವ ಯೋಚನೆ ಬೆಳೆದದ್ದು ಜರ್ಮನಿಯಲ್ಲಿ. 1810ರಲ್ಲಿ ಹುಂಬೋಲ್ಟ್ ಕಟ್ಟಿದ ಬರ್ಲಿನ್ ವಿಶ್ವವಿದ್ಯಾಲಯ ಅದಕ್ಕೆ ಹೆಸರಾಯಿತು. ಅಲ್ಲಿಂದ ಪಿಎಚ್‌.ಡಿ. ಪದವಿ ಅಮೆರಿಕಕ್ಕೆ ಹೋಯಿತು. ಯೇಲ್ 1861ರಲ್ಲೇ ಅದನ್ನು ಕೊಟ್ಟಿತು. ಆಕ್ಸ್‌ಫರ್ಡ್ ಮಾತ್ರ 1917ರ ತನಕ ಒಪ್ಪಿರಲಿಲ್ಲ. ನಮ್ಮಲ್ಲಿ ವೈಸ್‌ರಾಯ್ ಕರ್ಜನ್ ಕಾಲದ 1904ರ ಕಾನೂನು ವಿಶ್ವವಿದ್ಯಾಲಯಗಳೇ ಪಾಠ ಮತ್ತು ಸಂಶೋಧನೆ ನಡೆಸಲು ದಾರಿ ಮಾಡಿತು. ಕಲ್ಕತ್ತಾದಲ್ಲಿ ಆಶುತೋಷ್ ಮುಖರ್ಜಿ ಸ್ನಾತಕೋತ್ತರ ವಿಭಾಗಗಳನ್ನು ಕಟ್ಟಿದರು.

ಹಾಗಂತ ಅದಕ್ಕೂ ಮೊದಲು ಕನ್ನಡ ನಾಡಿನಲ್ಲಿ ವಿದ್ವತ್ತು ಇರಲಿಲ್ಲ ಅಂತಲ್ಲ. ಅದು ಬೇರೆ ಜಾಗದಲ್ಲಿತ್ತು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ಬಿ.ಎಲ್. ರೈಸ್ ಸಾವಿರಾರು ಶಾಸನಗಳನ್ನು ಓದಿ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದೇ ಇಲಾಖೆಯ ಆರ್. ನರಸಿಂಹಾಚಾರ್ಯರು ಹಳೆಯ ಕವಿಗಳ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದರು. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ನೋಡಿದರೆ, ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಮೂಲ ಪಠ್ಯ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ತಿಳಿದಿದ್ದನ್ನು ಬದಲಿಸಿದ ಕೆಲಸ ಇದು. ಆಗಿನ್ನೂ ಮೈಸೂರಿನಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ.

ಅದು ಬಂದದ್ದು 1916ರ ಜುಲೈಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಮೂರು ವರ್ಷಕ್ಕೆ, 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಶುರು ಮಾಡಿದರು. ಮುಂದೆ ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಒಂದೇ ಪತ್ರಿಕೆಯಲ್ಲಿ ಕವಿತೆಯೂ ಬರುತ್ತಿತ್ತು, ಹಳಗನ್ನಡ ಪದ್ಯದ ಪಾಠಾಂತರದ ಚರ್ಚೆಯೂ ಬರುತ್ತಿತ್ತು. ಕಾಲೇಜು ಮೇಷ್ಟರು ಬರೆದ ಸಂಶೋಧನಾ ಲೇಖನವನ್ನು ವಕೀಲರು, ಡಾಕ್ಟರು, ಹೈಸ್ಕೂಲು ಪಂಡಿತರು ಓದಬಹುದಿತ್ತು. ತಪ್ಪಿದ್ದರೆ ಯಾರಾದರೂ ಹಿಡಿಯುತ್ತಿದ್ದರು.

1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾಯಿತು. ಕುವೆಂಪು ಮೊದಲ ತಂಡದಲ್ಲಿದ್ದು 1929ರಲ್ಲಿ ಮುಗಿಸಿದರು. 1930ರ ದಶಕದಲ್ಲಿ ವಿಶ್ವವಿದ್ಯಾಲಯ ಇನ್ನೊಂದು ಕೆಲಸಕ್ಕೆ ಕೈಹಾಕಿತು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯದ ಬಗ್ಗೆ ಕನ್ನಡದಲ್ಲಿ ಉಪನ್ಯಾಸ ಕೊಡುವುದು, ಆಮೇಲೆ ಅವನ್ನು ಚಿಕ್ಕ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಮಾರುವುದು. ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಣೆಯ ವಿಭಾಗವಾದ ಪ್ರಸಾರಾಂಗದ ಬೇರು ಇಲ್ಲೇ ಇದೆ. ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರ ಎಲ್ಲವೂ ಹೀಗೆ ಕನ್ನಡಕ್ಕೆ ಬಂದವು. ನನ್ನ ಮಟ್ಟಿಗೆ ಕರ್ನಾಟಕದ ವಿಶ್ವವಿದ್ಯಾಲಯಗಳು ಮಾಡಿದ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಧಾರವಾಡದಲ್ಲಂತೂ ವಿಶ್ವವಿದ್ಯಾಲಯಕ್ಕಿಂತ ಮೊದಲು ಸಂಶೋಧನಾ ಸಂಸ್ಥೆಯೇ ಬಂತು. 1939ರಲ್ಲಿ ಬಾಂಬೆ ಸರ್ಕಾರ ಅಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆಯಿತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಹತ್ತು ವರ್ಷದ ಮೇಲೆ. ಅದೇ ಊರಿನಲ್ಲಿ ಹೈಸ್ಕೂಲು ಮಾಸ್ತರರಾಗಿದ್ದ ಶಂ.ಬಾ. ಜೋಶಿ ಕನ್ನಡ ಸಂಸ್ಕೃತಿಯ ಮೂಲದ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದರು. ಅವರಿಗೆ ಯಾರೂ ಅಂಕ ಕೊಡುತ್ತಿರಲಿಲ್ಲ. ವಾದ ಒಪ್ಪದವರು ಎದುರು ಬರೆಯುತ್ತಿದ್ದರು, ಅಷ್ಟೇ.

ಪಿಎಚ್‌.ಡಿ. ಪ್ರಬಂಧ ಅಂದರೆ ಏನಾಗಬಹುದು ಅನ್ನುವುದಕ್ಕೆ ಎಂ. ಚಿದಾನಂದಮೂರ್ತಿ ಅವರ ಕೆಲಸ ನೋಡಬೇಕು. 450ರಿಂದ 1150ರವರೆಗಿನ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಅವರ ವಿಷಯ. 1966ರಲ್ಲಿ ಅದು ಪುಸ್ತಕವಾಗಿ ಬಂತು. ಅಲ್ಲಿಯವರೆಗೆ ಶಾಸನ ಅಂದರೆ ರಾಜರ ವಂಶಾವಳಿ, ಯುದ್ಧದ ತಾರೀಖು ಹುಡುಕುವ ಸಾಮಗ್ರಿಯಾಗಿತ್ತು. ಇವರು ಅವೇ ಕಲ್ಲುಗಳಲ್ಲಿ ಹಳ್ಳಿ, ದೇವಸ್ಥಾನ, ಶಿಕ್ಷಣ, ತೆರಿಗೆ, ಹೆಂಗಸರ ಬದುಕು, ವೀರರ ಸಾವು ಎಲ್ಲವನ್ನೂ ಹುಡುಕಿದರು. ಇವತ್ತಿಗೂ ಆ ಕಾಲದ ಬಗ್ಗೆ ಬರೆಯುವವರು ಅದನ್ನು ತೆರೆಯದೆ ಮುಂದೆ ಹೋಗಲಾರರು. ವರ್ಷಗಟ್ಟಲೆ ಕೂತು ಓದಿದ್ದರಿಂದ ಆದ ಕೆಲಸ ಅದು. ವರ್ಷಕ್ಕೆ ಇಷ್ಟು ಪೇಪರ್ ಅಂತ ಲೆಕ್ಕ ಕೊಡಬೇಕಾಗಿದ್ದರೆ ಅದು ಆಗುತ್ತಿತ್ತಾ?

ಆಮೇಲಿನ ದಶಕಗಳಲ್ಲಿ ಕಾಲೇಜುಗಳು ಹೆಚ್ಚಿದವು, ಅಧ್ಯಾಪಕರು ಹೆಚ್ಚಿದರು. 1991ರಲ್ಲಿ ಸಂಶೋಧನೆಗೇ ಮೀಸಲಾಗಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂತು. ಈ ಬೆಳವಣಿಗೆ ಬೇಕಾಗಿತ್ತು. ಬಡವರ ಮನೆಯ, ಹಿಂದುಳಿದ, ದಲಿತ ಸಮುದಾಯಗಳ ಮಕ್ಕಳು ಸಂಶೋಧನೆಗೆ ಬಂದದ್ದು ಇದರಿಂದಲೇ. ಅವರ ಜೊತೆ ಜನಪದ ಕಾವ್ಯಗಳು, ಬುಡಕಟ್ಟುಗಳ ಬದುಕು, ಸ್ಥಳೀಯ ಚರಿತ್ರೆಗಳು ಮಹಾಪ್ರಬಂಧಗಳ ಒಳಗೆ ಬಂದವು. ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಸುಮ್ನೆ ಹೇಳುವವರು ಇದನ್ನು ಮರೆಯಬಾರದು.

ಆದರೆ ಇಷ್ಟು ಜನರ ಕೆಲಸವನ್ನು ಅಳೆಯುವುದು ಹೇಗೆ? ಯುಜಿಸಿ ಹುಡುಕಿದ ಉತ್ತರ ಎಣಿಕೆ. 2009ರ ನಿಯಮಗಳು ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಬಂದಿರಬೇಕು ಅಂದವು. ಆ ನಿಯಮದ ಪ್ರಕಾರ ಪಿಎಚ್‌.ಡಿ. ಮಾಡಿದವರಿಗೆ ಎನ್‌ಇಟಿ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆಯಿಂದ ವಿನಾಯಿತಿಯೂ ಸಿಕ್ಕಿತು. ಕೆಲಸ ಬೇಕಿದ್ದವರೆಲ್ಲ ಪಿಎಚ್‌.ಡಿ. ಕಡೆ ತಿರುಗಿದ್ದು ಸಹಜ. 2010ರಲ್ಲಿ ಅಧ್ಯಾಪಕರಿಗೆ ಎಪಿಐ ಅನ್ನುವ ಅಂಕಪಟ್ಟಿ ಬಂತು. ತಜ್ಞರು ಪರಿಶೀಲಿಸುವ ಪತ್ರಿಕೆಯಲ್ಲಿ ಲೇಖನ ಬಂದರೆ 15 ಅಂಕ. ಹಾಗೆ ಪರಿಶೀಲನೆ ಇಲ್ಲದಿದ್ದರೂ ಐಎಸ್‌ಎಸ್‌ಎನ್ ಇರುವ ಪತ್ರಿಕೆಯಾದರೆ 10. ಸಮ್ಮೇಳನದ ಸಂಪುಟದಲ್ಲಿ ಪೂರ್ತಿ ಲೇಖನ ಬಂದರೂ 10. 2016ರ ನಿಯಮ ಪಿಎಚ್‌.ಡಿ. ವಿದ್ಯಾರ್ಥಿಗೆ ಒಂದು ಲೇಖನದ ಜೊತೆ ಎರಡು ಸೆಮಿನಾರ್ ಪ್ರಬಂಧಗಳನ್ನೂ ಕಡ್ಡಾಯ ಮಾಡಿತು.

ಇಲ್ಲಿ ಐಎಸ್‌ಎಸ್‌ಎನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಎಂಟು ಅಂಕಿಯ ಗುರುತಿನ ಸಂಖ್ಯೆ, ಅಷ್ಟೇ. ನಮ್ಮ ದೇಶದಲ್ಲಿ ಅರ್ಜಿ ಹಾಕಿದರೆ ಪುಕ್ಕಟೆ ಸಿಗುತ್ತದೆ. ವಾಹನದ ನಂಬರ್ ಪ್ಲೇಟು ನೋಡಿ ಡ್ರೈವರ್ ಚೆನ್ನಾಗಿ ಓಡಿಸುತ್ತಾನೋ ಇಲ್ಲವೋ ಹೇಳಲಾಗುವುದಿಲ್ಲ, ಅಲ್ವಾ? ಆದರೂ ಹಲವು ವರ್ಷ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಆ ಸಂಖ್ಯೆಯೇ ಗುಣಮಟ್ಟದ ಪ್ರಮಾಣಪತ್ರದ ಹಾಗೆ ನಡೆಯಿತು. ಅದನ್ನೇ ನಂಬಿಕೊಂಡು ಪತ್ರಿಕೆಗಳು ಹುಟ್ಟಿಕೊಂಡವು. ದುಡ್ಡು ಕಟ್ಟಿದರೆ ಕೆಲವೇ ದಿನದಲ್ಲಿ ಲೇಖನ ಪ್ರಕಟ. ಓದಿ ತಿದ್ದುವವರು ಯಾರೂ ಇಲ್ಲ. ಸ್ಕಾಲರ್‌ಶಿಪ್ ಇಲ್ಲದ ವಿದ್ಯಾರ್ಥಿಗಳೂ ಕಡಿಮೆ ಸಂಬಳದ ಅತಿಥಿ ಉಪನ್ಯಾಸಕರೂ ಕೈಯಿಂದ ದುಡ್ಡು ಹಾಕಿದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ನಿಯಮ ಕೇಳಿದ್ದನ್ನು ಅವರು ತಂದುಕೊಟ್ಟರು.

ಇದು ಭಾರತದ್ದೊಂದೇ ಕಾಯಿಲೆ ಅಲ್ಲ. ಯಾವ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಎಣಿಸುವ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲಿ ತಂದರು. ಗ್ರಂಥಾಲಯಗಳಿಗೆ, ಸಂಶೋಧಕರಿಗೆ ಹುಡುಕಲು ಅನುಕೂಲವಾಗಲಿ ಅನ್ನುವ ಉದ್ದೇಶ ಅದಕ್ಕಿತ್ತು. ನಿಧಾನಕ್ಕೆ ಅದು ನೌಕರಿ ಕೊಡುವ ಅಳತೆಗೋಲಾಯಿತು. ದುಡ್ಡು ತೆಗೆದುಕೊಂಡು ಏನು ಬೇಕಾದರೂ ಪ್ರಕಟಿಸುವ ಪತ್ರಿಕೆಗಳ ಪಟ್ಟಿಯನ್ನು ಕೊಲರಾಡೊದ ಗ್ರಂಥಪಾಲಕ ಜೆಫ್ರಿ ಬೀಲ್ ಮಾಡತೊಡಗಿದರು. ಇಂಥ ಪತ್ರಿಕೆಗಳಲ್ಲಿ 2010ರಲ್ಲಿ ಸುಮಾರು 53,000 ಲೇಖನಗಳು ಬಂದಿದ್ದವು, 2014ರ ಹೊತ್ತಿಗೆ ಅದು ಸುಮಾರು 4.2 ಲಕ್ಷಕ್ಕೆ ಏರಿತ್ತು ಅಂತ 2015ರ ಒಂದು ಅಧ್ಯಯನ ಅಂದಾಜು ಮಾಡಿತು. ಲೇಖಕರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಭಾರತದವರು. ನೋವಿನ ಸಂಗತಿ ಇದು.

ಯುಜಿಸಿ ಸುಮ್ಮನೆ ಕೂರಲಿಲ್ಲ. 2017ರಲ್ಲಿ ಒಪ್ಪಿಗೆ ಪಡೆದ ಪತ್ರಿಕೆಗಳ ಒಂದು ದೊಡ್ಡ ಪಟ್ಟಿ ಕೊಟ್ಟಿತು. ಆದರೆ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ ಪತ್ರಿಕೆಗಳನ್ನು ಸರಿಯಾಗಿ ನೋಡದೆ ಅದಕ್ಕೆ ಸೇರಿಸಲಾಗಿತ್ತು. 2018ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಹೀಗೆ ಶಿಫಾರಸಿನಿಂದ ಬಂದವುಗಳಲ್ಲಿ 1,009 ಪತ್ರಿಕೆಗಳನ್ನು ಪರೀಕ್ಷಿಸಿ ಶೇ. 88ರಷ್ಟು ಗುಣಮಟ್ಟ ಇಲ್ಲದವು ಅಂತ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಕೃತಿಚೌರ್ಯದ ಬಗ್ಗೆ ಕೂಡ ಆ ವರ್ಷವೇ ನಿಯಮ ಬಂತು. ಶೇ. 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. 2019ರಲ್ಲಿ ಕೇರ್ ಪಟ್ಟಿ ಬಂತು. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ ಪತ್ರಿಕೆಗಳ ಪರಿಶೀಲನೆ ನೋಡಿಕೊಂಡಿತು.

ಕನ್ನಡಕ್ಕೆ ತೊಂದರೆ ಜೋರಾಗಿದ್ದು ಇಲ್ಲೇ. ಕೇರ್ ಪಟ್ಟಿಯ ಒಂದು ಭಾಗ ಸ್ಕೋಪಸ್, ವೆಬ್ ಆಫ್ ಸೈನ್ಸ್ ಅನ್ನುವ ಅಂತಾರಾಷ್ಟ್ರೀಯ ಸೂಚಿಗಳನ್ನು ನೆಚ್ಚಿಕೊಂಡಿತ್ತು. ಅವುಗಳಲ್ಲಿ ಭಾರತೀಯ ಭಾಷೆಯ ಪತ್ರಿಕೆಗಳಿಗೆ ಜಾಗ ತೀರಾ ಕಡಿಮೆ. ಇನ್ನೊಂದು ಭಾಗಕ್ಕೆ ಸೇರಬೇಕಾದರೆ ವೆಬ್‌ಸೈಟ್, ಸರಿಯಾದ ಸಂಪಾದಕ ಮಂಡಳಿ, ತಪ್ಪದೆ ಬರುವ ಸಂಚಿಕೆ ಎಲ್ಲ ಬೇಕು. ಈ ಬೇಡಿಕೆ ತಪ್ಪಲ್ಲ. ಆದರೆ ಒಬ್ಬಿಬ್ಬರು ಕೈಯಿಂದ ಖರ್ಚು ಮಾಡಿ ನಡೆಸುವ ಕನ್ನಡ ಪತ್ರಿಕೆಗಳಿಗೆ ಅದನ್ನು ಪೂರೈಸುವ ಶಕ್ತಿ ಎಲ್ಲಿಂದ ಬರಬೇಕು? ಪಟ್ಟಿಯಲ್ಲಿದ್ದ ಪತ್ರಿಕೆಗಳ ಹೆಸರಿನಲ್ಲೇ ನಕಲಿ ವೆಬ್‌ಸೈಟ್ ತೆರೆದು ದುಡ್ಡು ಹೊಡೆಯುವವರೂ ಹುಟ್ಟಿಕೊಂಡರು.

ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಕಥೆಯೂ ಇದೇ ಥರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪ್ರಬಂಧ ನಮಗೆ ಕನ್ನಡವಾಗಿ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಯಾವುದಕ್ಕೆ ಹೋಲಿಸಿ ನೋಡಬೇಕು ಅದು? ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟು ಅಂತರ್ಜಾಲದಲ್ಲಿ ಹುಡುಕಬಲ್ಲ ಪಠ್ಯವಾಗಿ ಇಲ್ಲವೇ ಇಲ್ಲ. ಹಾಗಾಗಿ ಯಂತ್ರ ಕೊಡುವ ಸೊನ್ನೆ ಪರ್ಸೆಂಟಿನ ಸರ್ಟಿಫಿಕೇಟು ಪ್ರಬಂಧ ಸ್ವಂತದ್ದು ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಆ ವಿಷಯ ಬಲ್ಲ ಗೈಡು ಅಥವಾ ಪರೀಕ್ಷಕರು ಓದಿದರೆ ಮಾತ್ರ ಗೊತ್ತಾಗುತ್ತದೆ.

2022ರ ನವೆಂಬರಿನಲ್ಲಿ ಗಾಳಿ ಬೇರೆ ಕಡೆ ತಿರುಗಿತು. ಹೊಸ ಪಿಎಚ್‌.ಡಿ. ನಿಯಮಗಳು ಎಂ.ಫಿಲ್. ನಿಲ್ಲಿಸಿದವು. ಮಹಾಪ್ರಬಂಧಕ್ಕೆ ಮೊದಲು ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವೂ ಹೋಯಿತು. 2023ರಲ್ಲಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಪಿಎಚ್‌.ಡಿ. ಬೇಕೇ ಬೇಕು ಅನ್ನುವ ಷರತ್ತನ್ನೂ ತೆಗೆದರು. 2025ರ ಜನವರಿಯ ಕರಡು ನಿಯಮಗಳು ಅಂಕಪಟ್ಟಿಯನ್ನೇ ಬಿಟ್ಟು, ಭಾರತೀಯ ಭಾಷೆಯಲ್ಲಿ ಬೋಧಿಸುವುದೂ ಸೇರಿದಂತೆ ಬೇರೆ ಬೇರೆ ಕೊಡುಗೆಗಳನ್ನು ನೋಡೋಣ ಅಂದವು. ಕೇರ್ ಪಟ್ಟಿ ಬಿಡುವಾಗ ಯುಜಿಸಿ ಕೂಡ ದೇಶಭಾಷೆಗಳ ಒಳ್ಳೆಯ ಪತ್ರಿಕೆಗಳು ಹೊರಗುಳಿದ ದೂರನ್ನು ಪ್ರಸ್ತಾಪಿಸಿತು. ಇನ್ನೊಂದು ಕಡೆ 2024ರಲ್ಲಿ ಕೇಂದ್ರ ಸರ್ಕಾರ ಅಂತಾರಾಷ್ಟ್ರೀಯ ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಇದರಲ್ಲಿ ಬರುತ್ತವೆ. ಚಿಕ್ಕ ಊರಿನ ಸರ್ಕಾರಿ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗೆ ಇದು ನಿಜಕ್ಕೂ ಉಪಕಾರ. ಕನ್ನಡದಲ್ಲಿ ಬರೆಯುವವರಿಗೆ ಬೇಕಾದ ಪತ್ರಿಕೆಗಳನ್ನು ಮಾತ್ರ ನಾವೇ ಕಟ್ಟಬೇಕು.

ಪಟ್ಟಿ ಮಾಡುವ ಹೊಣೆ ಈಗ ವಿಶ್ವವಿದ್ಯಾಲಯಗಳ ಮೇಲಿದೆ. ಅದಕ್ಕೊಂದು ಸಮಿತಿ ಬೇಕಾಗುತ್ತದೆ. ಆ ಸಮಿತಿಯಲ್ಲಿ ಕನ್ನಡ ಸಂಶೋಧನೆಯನ್ನು ಓದಿ ತೂಗಬಲ್ಲವರು ಇರಬೇಕು. ವಿಶ್ವವಿದ್ಯಾಲಯಗಳು ತಮ್ಮದೇ ಹಳೆಯ ಪತ್ರಿಕೆಗಳಿಗೆ ಸಂಪಾದಕರನ್ನೂ ಪರಿಶೀಲಕರನ್ನೂ ಕೊಡಬೇಕು. ಪರಿಶೀಲಿಸುವವರಿಗೆ ಗೌರವಧನ ಇರಬೇಕು. ಹಳೆಯ ಸಂಚಿಕೆಗಳು ಕಂಪ್ಯೂಟರ್ ಓದಬಲ್ಲ ಯೂನಿಕೋಡ್‌ನಲ್ಲಿ ಎಲ್ಲರಿಗೂ ಸಿಗಬೇಕು. ಇದಕ್ಕೆ ದೆಹಲಿಯ ಸುತ್ತೋಲೆ ಬೇಕಿಲ್ಲ. ಧಾರವಾಡ, ಮೈಸೂರು, ಹಂಪಿ ಮೂರೂ ಸೇರಿ ಈ ವರ್ಷವೇ ಶುರು ಮಾಡಬಹುದಾದ ಕೆಲಸ.