ನಿಂತಿತು ಎಂದವರು ಯಾರು?

ಕಾಫಿ ಕೊಯ್ಲು ಮುಗಿಯುವ ಮಾರ್ಚ್ ತಿಂಗಳಲ್ಲಿ ನನ್ನ ಕ್ಲಿನಿಕ್ಕಿಗೆ ಬರುವ ಹೆಂಗಸರಲ್ಲಿ ಕೆಲವರ ಸಮಸ್ಯೆಯನ್ನು ಅವರು ಬಾಗಿಲು ದಾಟುವಾಗಲೇ ಊಹಿಸುವಷ್ಟು ಅನುಭವ ನನಗೆ ಈಗ ಆಗಿದೆ. ವಯಸ್ಸು 42ರಿಂದ 48ರೊಳಗೆ. ಹೇಳಿಕೊಳ್ಳುವುದು ಹೊಟ್ಟೆಯುಬ್ಬರ, ಎದೆಯುರಿ, ಸುಸ್ತು. ಮುಟ್ಟಿನ ವಿಚಾರವನ್ನು ನಾನಾಗಿ ಕೇಳಬೇಕು. ಕೇಳಿದರೆ, "ಅದು ನಿಂತು ಮೂರು ತಿಂಗಳಾಯಿತು ಡಾಕ್ಟ್ರೇ, ವಯಸ್ಸಾಯಿತಲ್ಲ" ಎಂದು ಮಾತು ಮುಗಿಸಿಬಿಡುತ್ತಾರೆ.

ಕೊಡಗಿನ ನಾಪೋಕ್ಲು ಕಡೆಯಿಂದ ಬಂದ ಒಬ್ಬರನ್ನು ನೆನೆಯುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ವಯಸ್ಸು 44, ಮೇ ತಿಂಗಳಲ್ಲಿ ಮಗಳ ಮದುವೆ. ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಹುತ್ತರಿ ಹಬ್ಬದ ಹೊತ್ತಿಗೆ ಒಮ್ಮೆ ಮುಟ್ಟಾಗಿದ್ದರಂತೆ, ಆಮೇಲೆ ಇಲ್ಲ. ಅವರ ಅಕ್ಕನಿಗೆ 43ಕ್ಕೇ ನಿಂತಿದ್ದರಿಂದ ತಮಗೂ ಅದೇ ಎಂದು ನಿಶ್ಚಿಂತೆಯಿಂದ ರೊಬಸ್ಟಾ ಕೊಯ್ಲು, ಆಳುಗಳ ಲೆಕ್ಕ, ಮದುವೆಯ ಸೀರೆ ಎಂದು ಓಡಾಡುತ್ತ, ಎರಡು ತಿಂಗಳು ಗ್ಯಾಸ್ ಮಾತ್ರೆ ನುಂಗಿದ್ದರು. ಸ್ಕ್ಯಾನಿಂಗ್ ಪರದೆಯನ್ನು ಅವರತ್ತ ತಿರುಗಿಸಿದೆ. 17 ವಾರದ ಗರ್ಭ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಕೊನೆಗೆ, "ಮಗಳಿಗೆ ಏನೆಂದು ಹೇಳಲಿ?" ಎಂದರು. ಮುಂದೆ ಅವರು ಏನು ನಿರ್ಧರಿಸಿದರೆಂಬುದು ಅವರ ಮನೆಯ ವಿಷಯ. ನನ್ನನ್ನು ಕಾಡುವುದು ಅಷ್ಟರಲ್ಲಿ ಕಳೆದುಹೋಗಿದ್ದ ದಿನಗಳು. 40ರ ವಯಸ್ಸಿನಲ್ಲಿ ಸುಮಾರು 100ಕ್ಕೆ 1, 45ರ ಹೊತ್ತಿಗೆ ಸುಮಾರು 30ಕ್ಕೆ 1 ಗರ್ಭದಲ್ಲಿ ಡೌನ್ ಸಿಂಡ್ರೋಮ್ ಎಂಬ ವರ್ಣತಂತು ದೋಷ ಕಾಣಿಸಬಹುದಾದ್ದರಿಂದ 11ರಿಂದ 14 ವಾರದೊಳಗಿನ ತಪಾಸಣೆ ಇಂಥವರಿಗೇ ಹೆಚ್ಚು ಬೇಕು, ಆ ಅವಧಿ ಮುಗಿದಿತ್ತು. ಗರ್ಭ ಬೇಡವೆನ್ನುವವರಿಗೂ ಕಾಲ ಕಾಯುವುದಿಲ್ಲ: 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾನೂನಿನಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24 ವಾರದೊಳಗೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ಕಾನೂನು ಗುರುತಿಸಿದ ಕೆಲವು ಸಂದರ್ಭಗಳಲ್ಲಿ ಮಾತ್ರ.

ಋತುಬಂಧವೆಂಬುದು ಹಿಂತಿರುಗಿ ನೋಡಿ ಹೇಳುವ ಮಾತು. ಸತತವಾಗಿ 12 ತಿಂಗಳು ಮುಟ್ಟಾಗದೆ ಕಳೆದ ಮೇಲೆ, "ಹೋದ ವರ್ಷ ಇಂಥ ತಿಂಗಳಲ್ಲಿ ನಿಂತಿತು" ಎನ್ನಬಹುದು. ಮೂರನೆಯ ತಿಂಗಳಲ್ಲಿ ಕುಳಿತು ಹಾಗೆ ಹೇಳುವುದು ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೂ ಸಾಧ್ಯವಿಲ್ಲ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರಲ್ಲಿ ಮುಟ್ಟು ನಿಲ್ಲುತ್ತದೆ, ಅದಕ್ಕೆ ಮೊದಲು ಕೆಲವು ವರ್ಷ ಲೆಕ್ಕ ತಪ್ಪುತ್ತದೆ. ಮೊದಮೊದಲು ಒಂದು ಸರದಿಯ ಅವಧಿಗೂ ಇನ್ನೊಂದರ ಅವಧಿಗೂ ವಾರದಷ್ಟು ವ್ಯತ್ಯಾಸ, ಬರಬರುತ್ತ 60 ದಿನ ದಾಟಿದರೂ ಸುಳಿವಿರುವುದಿಲ್ಲ. ಈ ವರ್ಷಗಳನ್ನೇ ನಾವು ಪೆರಿಮೆನೋಪಾಸ್ ಎನ್ನುತ್ತೇವೆ. ಈ ಕಾಲದಲ್ಲಿ ಅಂಡಾಶಯ ಒಂದು ತಿಂಗಳು ಸುಮ್ಮನಿರುತ್ತದೆ, ಇನ್ನೊಂದು ತಿಂಗಳು ಹೇಳದೆ ಕೇಳದೆ ಅಂಡವನ್ನು ಬಿಡುತ್ತದೆ. ತೋಟದವರಿಗೆ ನಾನು ಹಳೆಯ ಕಾಫಿ ಗಿಡದ ಉದಾಹರಣೆ ಕೊಡುವುದುಂಟು: ಒಂದು ವರ್ಷ ಫಸಲು ಬರಲಿಲ್ಲವೆಂದು ಗಿಡ ಒಣಗಿತೆನ್ನಲಾಗದು, ಹೂಮಳೆ ಬಿದ್ದರೆ ಯಾವುದೋ ಒಂದು ರೆಂಬೆ ಹೂ ಬಿಟ್ಟೀತು. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಅವರಿಗೆ ಥಟ್ಟನೆ ತಿಳಿಯುತ್ತದೆ.

ಎಲ್ಲರೂ ಎಡವುವುದು ಯಾವುದು ಮೊದಲು, ಯಾವುದು ನಂತರ ಎಂಬಲ್ಲಿ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಅಂಡ ಮೊದಲು ಹೊರಬರುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರದ ಬಳಿಕ ಮುಟ್ಟಾಗುತ್ತದೆ. "ಮುಟ್ಟೇ ಇಲ್ಲದ ಮೇಲೆ ಬಸಿರಾಗುವುದು ಹೇಗೆ?" ಎಂದು ಕೇಳುವವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡಿರುತ್ತಾರೆ. ಮೂರು ತಿಂಗಳು ಮುಟ್ಟಾಗದ ಹೆಂಗಸು ನಾಲ್ಕನೆಯ ತಿಂಗಳು ಹೊರಬಂದ ಅಂಡದಿಂದ, ನಡುವೆ ಒಂದು ಹನಿ ರಕ್ತವನ್ನೂ ಕಾಣದೆ, ಗರ್ಭಿಣಿಯಾಗಬಹುದು. ಆಗ ಹಳೆಯ ಮೂರು ತಿಂಗಳು, ಹೊಸ ಮೂರು ತಿಂಗಳು ಎಲ್ಲವೂ ಅವರ ಲೆಕ್ಕದಲ್ಲಿ "ನಿಂತದ್ದು" ಎಂದೇ ಸೇರಿಹೋಗುತ್ತದೆ.

ಲಕ್ಷಣ ನೋಡಿ ಹೇಳುತ್ತೇವೆನ್ನುವವರಿಗೂ ನನ್ನ ಒಪ್ಪಿಗೆಯಿಲ್ಲ. ಸುಸ್ತು, ಸ್ತನಗಳ ನೋವು, ಸಿಡುಕು, ನಿದ್ದೆಗೇಡು, ರಾತ್ರಿ ಬೆವರುವುದು ಎರಡರಲ್ಲೂ ಉಂಟು. ವಾಂತಿ ಬಂದಂತಾಗುವುದು ಗರ್ಭದ ಕಡೆಗೆ, ಎದೆಯಿಂದ ಮುಖದವರೆಗೆ ಒಮ್ಮೆಲೇ ಬಿಸಿಯೇರುವುದು ಋತುಬಂಧದ ಕಡೆಗೆ ತುಸು ವಾಲುತ್ತವೆ, ಅಷ್ಟೇ. ಸ್ವಲ್ಪ ಕಲೆ ಕಂಡಿತೆಂದು ಗರ್ಭವಿಲ್ಲವೆಂದುಕೊಳ್ಳುವುದೂ ತಪ್ಪು. ಗರ್ಭದ ಮೊದಲ ವಾರಗಳಲ್ಲಿ ಕಾಣುವ ಅಲ್ಪ ರಕ್ತವನ್ನು "ಈ ಸಲ ಕಡಿಮೆ ಹೋಯಿತು" ಎಂದು ಬರೆದಿಟ್ಟುಕೊಂಡವರನ್ನು ನೋಡಿದ್ದೇನೆ.

ಈಚೆಗೆ ಇನ್ನೊಂದು ರೂಢಿ ಬಂದಿದೆ. ಮೂತ್ರಪರೀಕ್ಷೆ ಎಂದರೆ ಮುಜುಗರಪಡುವವರು ಲ್ಯಾಬಿನಲ್ಲಿ ತಾವಾಗಿ, ಋತುಬಂಧ ಸಮೀಪಿಸಿದಂತೆ ಏರುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸಿ, ವರದಿ ಹಿಡಿದು ಬರುತ್ತಾರೆ. 45 ದಾಟಿದವರಲ್ಲಿ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಈ ತಿಂಗಳು ಹೆಚ್ಚಿದ್ದದ್ದು ಬರುವ ತಿಂಗಳು ಇಳಿದಿರುತ್ತದೆ, ಹೆಚ್ಚಿದೆಯೆಂದು ಮುಂದೆ ಅಂಡವೇ ಬಾರದೆಂಬ ಭರವಸೆಯೂ ಇಲ್ಲ. ಐವತ್ತು ಅರವತ್ತು ರೂಪಾಯಿಯ ಗರ್ಭಪರೀಕ್ಷೆಯ ಪಟ್ಟಿ ಹೇಳುವುದನ್ನು ಅದು ಹೇಳಲಾರದು.

ವೈದ್ಯರೂ ಇದರಲ್ಲಿ ನಿರಪರಾಧಿಗಳಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ, 46ರ ಒಬ್ಬರಿಗೆ, ವಯಸ್ಸನ್ನು ನೋಡಿಯೇ ಮುಟ್ಟು ಬರಿಸುವ ಮಾತ್ರೆಯನ್ನು ನಾನು ಬರೆದುಕೊಟ್ಟಿದ್ದೆ. ಮಾತ್ರೆ ಮುಗಿದರೂ ಮುಟ್ಟಾಗಲಿಲ್ಲವೆಂದು ಅವರು ಬಂದಾಗಷ್ಟೇ ಪರೀಕ್ಷೆ ಮಾಡಿಸಿದೆ, ಎರಡು ಗೆರೆ ಬಂತು, ಎಂದರೆ ಗರ್ಭ. ಅಂದಿನಿಂದ ವಯಸ್ಸೆಷ್ಟೇ ಇರಲಿ, ಮೂತ್ರ ನೋಡದೆ ಆ ಚೀಟಿ ಬರೆಯುವುದಿಲ್ಲ. ಕಾವೇರಿ ಸಂಕ್ರಮಣ, ಮದುವೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವವರಿಗೂ ಒಂದು ಮಾತು: ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಸಾಮಾನ್ಯವಾಗಿ ಮುಟ್ಟಾಗಬೇಕು; ವಾರ ಕಳೆದರೂ ಆಗದಿದ್ದರೆ ಪರೀಕ್ಷಿಸಿಕೊಳ್ಳಿ.

"ನನಗೆ ಆಪರೇಷನ್ ಆಗಿದೆಯಲ್ಲ" ಎನ್ನುವವರ ಬಗ್ಗೆ ನನಗೆ ಸಿಟ್ಟಿಗಿಂತ ಭಯ ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾಗುವುದು ಅಪರೂಪ, ಆದರೆ ವಿಫಲವಾದಾಗ ಗರ್ಭವು ಗರ್ಭಕೋಶದ ಬದಲು ನಳಿಕೆಯಲ್ಲೇ ಕೂರುವ ಸಂಭವ ಹೆಚ್ಚು. ಮುಟ್ಟು ತಪ್ಪಿ, ಹೊಟ್ಟೆಯ ಒಂದು ಬದಿಯಲ್ಲಿ ನೋವು, ತಲೆಸುತ್ತು ಬಂದರೆ ಬೆಳಗಾಗಲೆಂದು ಕಾಯಬಾರದು. ತೋಟದ ಆಳುಗಳ ಲೈನ್ ಮನೆಯಿಂದ ಆಸ್ಪತ್ರೆಗೆ ಜೀಪು ಸಿಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗರ್ಭ ತಡೆಯಲು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ "ಛಾಯಾ" ಮಾತ್ರೆ, "ಅಂತರ" ಎಂಬ ಚುಚ್ಚುಮದ್ದು ತಾವೇ ಮುಟ್ಟನ್ನು ತಡಮಾಡುತ್ತವೆ ಎಂಬುದೂ ನೆನಪಿರಲಿ.

ಪರೀಕ್ಷೆಯಲ್ಲಿ ಗರ್ಭವಿಲ್ಲವೆಂದು ಬಂದರೆ ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು; ಗಂಡನ ಸಂಪರ್ಕವಾಗಿ ಮೂರು ವಾರ ಕಳೆದ ಮೇಲೂ ಇಲ್ಲವೆಂದರೆ ಬಹುಮಟ್ಟಿಗೆ ಇಲ್ಲವೆಂದೇ ಹಿಡಿಯಬಹುದು. ಆಗ ಥೈರಾಯ್ಡ್ ಮುಂತಾದ ಕಾರಣಗಳನ್ನು ನೋಡುತ್ತೇವೆ. ಮುಟ್ಟಿಲ್ಲದೆ ವರ್ಷ ತುಂಬಿದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು "ಪುನಃ ಶುರುವಾಯಿತು" ಎಂದು ತಳ್ಳಿಹಾಕದೆ ತೋರಿಸಲೇಬೇಕು, ಗರ್ಭಕೋಶದ ಕ್ಯಾನ್ಸರ್ ಹಾಗೆಯೇ ಸುಳಿವು ಕೊಡುವುದುಂಟು. ಗರ್ಭ ತಡೆಯುವ ಉಪಾಯವನ್ನು ಕೊನೆಯ ಮುಟ್ಟು 50ರ ನಂತರವಾದರೆ ಒಂದು ವರ್ಷ, 50ರೊಳಗಾದರೆ ಎರಡು ವರ್ಷ ಮುಂದುವರಿಸಬೇಕು. ಎರಡು ವರ್ಷವೆಂದಾಗ ನಗುವ ಗಂಡಂದಿರನ್ನು ನಾನು ಹೊರಗೆ ಬೆಂಚಿನ ಮೇಲೆ ಕೂರಿಸುತ್ತೇನೆ.

ಮೆಡಿಕಲ್ ಶಾಪಿನ ಹುಡುಗ ಸೋದರತ್ತೆಯ ಮೊಮ್ಮಗನೇ ಆಗಿರುವ ಈ ಸಣ್ಣ ಜಿಲ್ಲೆಯಲ್ಲಿ 45ರ ಹೆಂಗಸು ಗರ್ಭಪರೀಕ್ಷೆಯ ಪಟ್ಟಿಯನ್ನು ಕೇಳಿ ಪಡೆಯುವುದು ಸುಲಭವಲ್ಲವೆಂದು ಬಲ್ಲೆ. ಆಶಾ ಕಾರ್ಯಕರ್ತೆಯರ ಬಳಿ ಅದೇ ಪರೀಕ್ಷೆಯ ನಿಶ್ಚಯ್ ಕಿಟ್ ಇರುತ್ತದೆ, ಅಥವಾ ನನ್ನಂಥವರ ಕ್ಲಿನಿಕ್ಕಿನಲ್ಲಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಹೀಗೆ ಹೇಳಿ ಕಳುಹಿಸಿದ್ದ ಒಬ್ಬರು ಆಗಸ್ಟ್ 4ರ ಮುಂಜಾನೆ ಗಾಬರಿಯಿಂದ ಫೋನ್ ಮಾಡಿದರು: "ಡಾಕ್ಟ್ರೇ, ಪಟ್ಟಿ ಪೂರ್ತಿ ಕೆಂಪಾಗಿದೆ, ಎಷ್ಟು ಗೆರೆ ಅಂತ ಎಣಿಸಲಿ?" ಹಿಂದಿನ ದಿನ ಕಕ್ಕಡ 18, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ; ಮನೆಯಲ್ಲಿ ಅದರ ಪಾಯಸ, ಉಂಡವರ ಮೂತ್ರ ಕೆಂಪಾಗುತ್ತದೆ. ಮೂತ್ರದ ಬಣ್ಣ ಮೊದಲಿನಂತಾದ ಮೇಲೆ ಇನ್ನೊಂದು ಪಟ್ಟಿಯಲ್ಲಿ ನೋಡಿ ಎಂದೆ; ಎರಡು ದಿನದ ಬಳಿಕ ಒಂದೇ ಗೆರೆ ಬಂತು, ಮರುವಾರವೂ ಒಂದೇ.