ಬಳ್ಳಿಗಾವಿಯ ಉಳಿಯಿಂದ ಜೋಗದ ಸೆಲ್ಫಿವರೆಗೆ

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗದ ಕಡೆ ಒಂದು ಚರ್ಚೆಯೂ ಶುರುವಾಗುತ್ತದೆ. ಜಲಪಾತಗಳ ಹತ್ತಿರ ಸೆಲ್ಫಿ ನಿಲ್ಲಿಸಬೇಕು ಎನ್ನುವವರು ಒಂದು ಕಡೆ. ಜನ ಬರುವುದೇ ಫೋಟೊಕ್ಕೆ, ನಿಲ್ಲಿಸಿದರೆ ಚಹಾ ಅಂಗಡಿ, ಹೋಂಸ್ಟೇ ನಡೆಯುವುದು ಹೇಗೆ ಎನ್ನುವವರು ಇನ್ನೊಂದು ಕಡೆ. ನಡುವೆ ‘ಈಗಿನವರಿಗೆ ತಮ್ಮ ಮುಖದ್ದೇ ಹುಚ್ಚು’ ಎಂಬ ಮಾತು ಬೇರೆ. ಹುಚ್ಚು ಹೌದೋ ಅಲ್ಲವೋ, ಈಗಿನದಂತೂ ಅಲ್ಲ.

ನಮ್ಮ ಕಡೆಯ ಶಿಲ್ಪಿಗಳು ಮಾತ್ರ ಮುಖಕ್ಕಿಂತ ಹೆಸರಿಗೆ ಆಸೆಪಟ್ಟವರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ 12ನೇ ಶತಮಾನದಲ್ಲಿ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದರು, ಕೆಳಗೆ ಹೆಸರು ಕೆತ್ತಿದರು. ಅಲ್ಲಿ ಕನ್ನಡಿ ನೋಡಿಕೊಳ್ಳುವ ಸುಂದರಿ ಇದ್ದಾಳೆ. ದಾಸೋಜನ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಕೆಳದಿಯ ಅರಸರು ಕಾಣಸಿಗುತ್ತಾರೆ, ಅದೂ ನೆಲದ ಕಲ್ಲಿನಲ್ಲಿ, ದೇವರಿಗೆ ಅಡ್ಡಬಿದ್ದವರಾಗಿ.

ಯುರೋಪಿನಲ್ಲಿ ಒಳ್ಳೆಯ ಕನ್ನಡಿ ಸಿಕ್ಕ ಮೇಲೆ ಚಿತ್ರಕಾರರು ತಮ್ಮನ್ನೇ ಬರೆದುಕೊಂಡರು: ಡ್ಯೂರರ್ 1500ರಲ್ಲಿ ಥೇಟ್ ಕ್ರಿಸ್ತನ ಠೀವಿಯಲ್ಲಿ, ರೆಂಬ್ರಾಂಟ್ ಸುಮಾರು 80 ಸಲ, ಮಾಡೆಲ್‌ಗೆ ಕೊಡಲು ದುಡ್ಡಿಲ್ಲದ ವ್ಯಾನ್ ಗೋ 35ಕ್ಕೂ ಹೆಚ್ಚು ಸಲ. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ಕ್ಯಾಮೆರಾವನ್ನು ತನ್ನತ್ತಲೇ ತಿರುಗಿಸಿಕೊಂಡ.

ನಮ್ಮ ಊರುಗಳಿಗೆ ಕ್ಯಾಮೆರಾ ಬಂದದ್ದು ಸ್ಟುಡಿಯೊ ಆಗಿ. ಸಾಗರ, ತೀರ್ಥಹಳ್ಳಿ, ಹೊಸನಗರದ ಪೇಟೆಯಲ್ಲಿ ಕಿರಿದಾದ ಮೆಟ್ಟಿಲು ಹತ್ತಿದರೆ ಒಂದು ಕನ್ನಡಿ, ದಾರಕ್ಕೆ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ಎಲ್ಲ ಗಾತ್ರದವರಿಗೂ ಒಂದೇ ಕೋಟು. ಹಿಂದೆ ಪರದೆಯ ಮೇಲೆ ಬರೆದ ಬೆಟ್ಟ, ಹೊಳೆ. (ಮನೆ ಹಿತ್ತಲಲ್ಲೇ ಹೊಳೆ ಇದ್ದವರಿಗೆ ಬಟ್ಟೆಯ ಹೊಳೆ ಯಾಕೆ ಬೇಕಿತ್ತೋ!) ಕೂರುವವರು ನಾವು, ಹೇಗೆ ಕೂರಬೇಕೆಂದು ಹೇಳುವವರು ಸ್ಟುಡಿಯೊದವರು: ‘ಗದ್ದ ಇಳಿಸಿ, ಹಾಂ, ಅಲ್ಲಾಡ್ಬೇಡಿ.’ ಮೊಡವೆ ಕಲೆಯನ್ನು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತೀಡಿ ಮರೆಸುತ್ತಿದ್ದರು. ಇವತ್ತು ಫಿಲ್ಟರ್ ಎಂದು ಬೈಸಿಕೊಳ್ಳುವುದಕ್ಕೆ ಅದೇ ಮುತ್ತಜ್ಜ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಕ್ಯಾಮೆರಾವನ್ನು ಬಲ್ಬ್ ಉರಿಯುವ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದರು. ಫೋಟೊಗಳಿಗೆ ಆ ಭಾಗ್ಯವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅವು ಥಂಡಿಗೆ ಬೂಷ್ಟು ಹಿಡಿದು ಕಟ್ಟಿನ ಗಾಜಿಗೇ ಅಂಟಿಕೊಂಡವು.

ಹುಡುಗಿಯರು ಆ ಮೆಟ್ಟಿಲು ಹತ್ತುತ್ತಿದ್ದುದು ಬಹುತೇಕ ಗಂಡು ಹುಡುಕುವ ಕಾಲಕ್ಕೆ. ಮುಖ ಅವಳದು, ಸೀರೆ ಅತ್ತಿಗೆಯದು, ಯಾವ ಪ್ರತಿ ಯಾರ ಮನೆಗೆ ಹೋಗಬೇಕೆಂಬ ತೀರ್ಮಾನ ಅಪ್ಪನದು.

ಮುಂಭಾಗದಲ್ಲೂ ಕ್ಯಾಮೆರಾ ಇರುವ ಫೋನು 2003ರ ಹೊತ್ತಿಗೆ ಬಂದದ್ದು ವಿಡಿಯೊ ಕರೆಗೆಂದು. 2010ರ ನಂತರ ಅದು ಸೆಲ್ಫಿಗೂ ಒದಗಿತು. ಅದೇ ಮನೆಯ ಮೊಮ್ಮಗಳು ಈಗ ಅಡಿಕೆ ತೋಟದಲ್ಲಿ ನಿಂತು ಹತ್ತು ತೆಗೆದು ಒಂಬತ್ತನ್ನು ಅಳಿಸುತ್ತಾಳೆ, ಯಾರನ್ನೂ ಕೇಳುವುದಿಲ್ಲ. ಹುಚ್ಚು ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚೆನ್ನಾಗಿತ್ತು.

ತೊಡಕಿರುವುದು ತೋಳಿನ ಉದ್ದದಲ್ಲಿ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ದಪ್ಪ ಕಾಣುತ್ತದೆ, ಮುಖವೇ ಪರದೆ ತುಂಬುತ್ತದೆ. 253 ಮೀಟರ್ ಎತ್ತರದ ಜೋಗವೂ ಜೊತೆಗೆ ಬೀಳಬೇಕೆಂದರೆ ಫೋನನ್ನು ಎತ್ತಿ ಹಿಡಿಯಬೇಕು, ಹೆಜ್ಜೆ ಹಿಂದಿಡಬೇಕು, ಕಣ್ಣು ಮಾತ್ರ ಪರದೆಯಲ್ಲೇ ಇರಬೇಕು. ಜೋಗದ ವೀಕ್ಷಣಾ ಕಟ್ಟೆಯಲ್ಲಿ ಕಂಬಿಯಾದರೂ ಇದೆ. ಕಾಡಿನೊಳಗಿನ ಸಣ್ಣಪುಟ್ಟ ಅಬ್ಬಿಗಳಲ್ಲಿ ಇರುವುದು ಪಾಚಿಗಟ್ಟಿದ ಬಂಡೆ. ಇಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಹೊಯ್ದರೆ ನೀರು ದಿಢೀರನೆ ಏರುತ್ತದೆ. ಊರಿನವರಿಗೆ ಇದು ಗೊತ್ತು, ಫೋನ್ ಹಿಡಿದು ಬಂದವರಿಗೆ ಗೊತ್ತಿಲ್ಲ. ಇಂಥ ಕಡೆ ಕಾಣುವುದು ಹೆಚ್ಚೆಂದರೆ ‘ಸೆಲ್ಫಿ ನಿಷೇಧಿಸಿದೆ’ ಎಂಬ ಬೋರ್ಡು. ಬೋರ್ಡಿಗೆ ಖರ್ಚು ಕಮ್ಮಿ. ಕಂಬಿ ಹಾಕಿಸುವುದು, ಮಳೆಗಾಲದಲ್ಲಾದರೂ ಊರಿನ ಇಬ್ಬರನ್ನು ಸಂಬಳ ಕೊಟ್ಟು ಕಾವಲಿಗೆ ನಿಲ್ಲಿಸುವುದು ಚರ್ಚೆಯಲ್ಲಿ ಬರುತ್ತದೆ, ನೀರಿಳಿಯುತ್ತಿದ್ದಂತೆ ಮುಂದಿನ ವರ್ಷಕ್ಕೆ ಹೋಗುತ್ತದೆ.