ಕೋಳಿ ಕುಡಿಯುವುದು ಬೋರ್ ನೀರಲ್ಲ

ಹಾವೇರಿ, ಗದಗ ಕಡೆ ಕೋಳಿ ಸಾಕುವವರ ಹತ್ತಿರ ನೀರಿನ ಮಾತು ತೆಗೆದರೆ ಸಾಮಾನ್ಯವಾಗಿ ಬರುವ ಉತ್ತರ ಇದು: "ನಮ್ದು ಆಳದ ಬೋರ್ ನೀರು ರೀ, ಅದಕ್ಕೇನ್ ಆಗತೈತಿ?" ಬೋರಿನ ಬಾಯಲ್ಲಿ ನಿಂತು ನೋಡಿದರೆ ಈ ಮಾತು ಬಹಳಷ್ಟು ಸಲ ಸರಿ. ಆದರೆ ಕೋಳಿ ಬೋರಿನ ಬಾಯಿಗೆ ಬಂದು ಕುಡಿಯುವುದಿಲ್ಲ, ಅಲ್ವಾ? ಅದಕ್ಕೆ ಸಿಗುವುದು ಟ್ಯಾಂಕು, ಉದ್ದನೆಯ ಪೈಪು, ಕೊನೆಗೆ ನಿಪ್ಪಲ್ (ಕೋಳಿ ಕೊಕ್ಕಿನಿಂದ ಕುಟ್ಟಿ ಕುಡಿಯುವ ಪುಟ್ಟ ನಳ) ದಾಟಿ ಬಂದ ನೀರು. ಆ ಪೈಪಿನ ಒಳಗೋಡೆ ಹೇಗಿದೆ ಅಂತ ನೋಡಿದವರು ಕಡಿಮೆ.

ಲೈನಿನ ತುದಿಯ ಮುಚ್ಚಳ ಬಿಚ್ಚಿ, ಒಳಗೆ ಬೆರಳಾಡಿಸಿ. ಜಾರುವ ಲೋಳೆ ಸಿಕ್ಕಿದರೆ ಅದೇ ಬಯೋಫಿಲ್ಮ್. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ತಾಗುವ ಪದರವೂ ಇದೇ ಜಾತಿಯದು. ಸುಮ್ನೆ ಒಂದಿಷ್ಟು ಕೊಳೆ ಅಂದುಕೊಂಡರೆ ತಪ್ಪು. ಇದು ಬ್ಯಾಕ್ಟೀರಿಯಾಗಳೇ ಕಟ್ಟಿಕೊಂಡ ಮನೆ.

ನೀರಲ್ಲಿ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾದ ಬದುಕು ಕಷ್ಟದ್ದು. ಆಹಾರ ಕಡಿಮೆ, ರಕ್ಷಣೆ ಇಲ್ಲ. ಗೋಡೆಗೆ ಅಂಟಿಕೊಂಡರೆ ಹರಿಯುವ ನೀರೇ ಆಹಾರ ತಂದುಕೊಡುತ್ತದೆ. ಅಂಟಿಕೊಂಡ ಕೆಲವೇ ಗಂಟೆಗಳಲ್ಲಿ ಅದರ ನಡತೆ ಬದಲಾಗುತ್ತದೆ. ಸಕ್ಕರೆ ಸರಪಳಿ, ಪ್ರೋಟೀನ್ ಸೇರಿದ ಅಂಟನ್ನು ಸುತ್ತಲೂ ಸುರಿಸುತ್ತದೆ. ಆ ಅಂಟಿನಲ್ಲಿ ಸೂಡೊಮೊನಾಸ್, ಇ. ಕೋಲಿ, ಸಾಲ್ಮೊನೆಲ್ಲಾ ಎಲ್ಲಕ್ಕೂ ಜಾಗ ಸಿಗುತ್ತದೆ. ಪದರ ದಪ್ಪಗಾದಾಗ ತುಂಡು ಕಿತ್ತು ನೀರಿಗೆ ಬೀಳುತ್ತದೆ. ಟ್ಯಾಂಕಿನ ನೀರು ಪರೀಕ್ಷೆಯಲ್ಲಿ ಪಾಸಾಗಿರುತ್ತದೆ, ಕೊನೆಯ ನಿಪ್ಪಲಿನ ಮರಿ ರೋಗಾಣು ಕುಡಿಯುತ್ತಿರುತ್ತದೆ.

ಈ ಲೋಳೆಯ ಹಟವನ್ನು ಮೊದಲು ಗಮನಿಸಿದವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. 1683ರಲ್ಲಿ ಅವನು ತನ್ನ ಹಲ್ಲಿನ ಕೊಳೆಯನ್ನೇ ತಾನು ಮಾಡಿದ ಮಸೂರದಡಿ ಇಟ್ಟು ನೋಡಿ, ಅದರಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿಯೂ ನೋಡಿದ. ಹೊರಗಿನವು ಸತ್ತವು, ಒಳಗಿನವು ಬದುಕಿದವು. ವಿನೆಗರ್ ಕೊಳೆಯ ಒಳಗೆ ಇಳಿಯಲೇ ಇಲ್ಲ ಅಂತ ಅವನು ತೀರ್ಮಾನಿಸಿದ. ಎಂಥಾ ಕಣ್ಣು ಅವನದು! ಆ ಮಾತಿನ ಬೆಲೆ ತಿಳಿಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. 1970ರ ದಶಕದ ಕೊನೆಯಲ್ಲಿ ಕೆನಡಾದ ಸೂಕ್ಷ್ಮಜೀವಿ ವಿಜ್ಞಾನಿ ಬಿಲ್ ಕಾಸ್ಟರ್ಟನ್ ಇಂಥ ಪದರಗಳ ಕಡೆಗೆ ಜಗತ್ತಿನ ಗಮನ ಸೆಳೆದರು.

ನಾವು ಹಾಕುವ ಕ್ಲೋರಿನ್ ಸೋಲುವುದೂ ಅಲ್ಲೇ. ಸಂತೆಗೆ ಹೊರಟವನ ದುಡ್ಡೆಲ್ಲ ಊರ ಅಗಸಿಯಲ್ಲೇ ಖರ್ಚಾದಂತೆ, ಕ್ಲೋರಿನ್ ಮೇಲಿನ ಅಂಟಿನ ಜೊತೆ ಕಾದಾಡಿಯೇ ಮುಗಿದುಹೋಗುತ್ತದೆ. ತೇಲುವ ಬ್ಯಾಕ್ಟೀರಿಯಾ ಕೊಲ್ಲಲು ಸಾಕಾಗುವ ಪ್ರಮಾಣ ಪದರದ ಒಳಗಿನದಕ್ಕೆ ಏನೇನೂ ಸಾಲದು.

ನಮ್ಮ ನೀರಿಗೆ ಇನ್ನೊಂದು ತೊಡಕಿದೆ. ಗದಗ, ರೋಣ, ಮುಂಡರಗಿ ಕಡೆ ಎಷ್ಟೋ ಬೋರುಗಳ ನೀರು ಗಡಸು, ಸ್ವಲ್ಪ ಕ್ಷಾರ. ಕ್ಲೋರಿನ್ ನೀರಲ್ಲಿ ಎರಡು ರೂಪದಲ್ಲಿರುತ್ತದೆ. ಹೈಪೋಕ್ಲೋರಸ್ ಆಮ್ಲ ಚುರುಕಾಗಿ ಕೊಲ್ಲುತ್ತದೆ, ಹೈಪೋಕ್ಲೋರೈಟ್ ತುಂಬಾ ಮಂದ. ಯಾವುದು ಎಷ್ಟು ಅನ್ನುವುದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ನೋಡಿ ನಿರ್ಧಾರ. ಪಿಎಚ್ 6.5 ಇದ್ದರೆ ನೂರರಲ್ಲಿ ಸುಮಾರು 90 ಪಾಲು ಚುರುಕಿನ ರೂಪ. 7.5ಕ್ಕೆ ಅರ್ಧಕ್ಕರ್ಧ. 8.5ಕ್ಕೆ ಬರೀ 10 ಪಾಲು. ಡೋಸ್ ಅಷ್ಟೇ, ಕೆಲಸ ಮಾತ್ರ ಒಂಬತ್ತರಲ್ಲಿ ಒಂದು ಪಾಲು! ಪಿಎಚ್ ನೋಡದೆ ಬ್ಲೀಚಿಂಗ್ ಪೌಡರ್ ಸುರಿಯುವುದು ಅದಕ್ಕೇ ವ್ಯರ್ಥ. ಮೇಲಾಗಿ ಆ ಪುಡಿಯ ಸುಣ್ಣದ ಗಸಿ ನಿಪ್ಪಲನ್ನೂ ಕಟ್ಟಿಸುತ್ತದೆ. ಹಾಗಂತ ಪಿಎಚ್ ಇಳಿಸಲು ಆಮ್ಲ ಮಾತ್ರ ಕೊಟ್ಟರೂ ಸಾಲದು. ಕ್ಲೋರಿನ್ ಇಲ್ಲದ ಹುಳಿ ನೀರಲ್ಲಿ ಬೂಷ್ಟು, ಯೀಸ್ಟ್ ಸೊಂಪಾಗಿ ಬೆಳೆಯುತ್ತವೆ.

ಅತಿ ಅಪಾಯದ ಸಮಯ ಮೊದಲ ವಾರ. ಮರಿಗಳಿಗೆ 32ರಿಂದ 35 ಡಿಗ್ರಿ ಶಾಖ ಬೇಕು. ಅವು ಕುಡಿಯುವುದು ಕಡಿಮೆ, ಹಾಗಾಗಿ ನೀರು ಪೈಪಲ್ಲೇ ನಿಂತು ಬೆಚ್ಚಗಾಗುತ್ತದೆ. ಅದಕ್ಕೆ ಬೆಲ್ಲ, ವಿಟಮಿನ್ ಬೇರೆ ಹಾಕುತ್ತೇವೆ. ಲೋಳೆಗೆ ಇದಕ್ಕಿಂತ ಒಳ್ಳೆಯ ಊಟ ಬೇಕಾ? ಬ್ರಾಯ್ಲರ್ ತಿಂದ ಕಾಳಿನ ಸುಮಾರು ಎರಡು ಪಟ್ಟು ತೂಕದ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಮೆಕ್ಕೆಜೋಳದ ರೇಟು, ಗುಣ ವಿಚಾರಿಸುವವರು ನೀರನ್ನು ಮರೆಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಬ್ಯಾಚಿನಲ್ಲಿ ಮರಿ ಸಾಯಲು ಶುರುವಾದರೆ ದೃಷ್ಟಿ ತಾಕಿತು ಅಂತ ಶೆಡ್ಡಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಇಲ್ಲವೇ ಆಂಟಿಬಯೋಟಿಕ್ ಶುರು ಮಾಡುತ್ತಾರೆ, ಅದೂ ಅದೇ ಲೋಳೆಯ ಪೈಪಿನಲ್ಲಿ.

ತೊಳೆಯಲು ಸರಿಯಾದ ಹೊತ್ತು ಶೆಡ್ ಖಾಲಿ ಇರುವಾಗ. ಮೊದಲು ಎರಡೂ ತುದಿ ತೆರೆದು ರಭಸದಿಂದ ನೀರು ಬಿಡಿ. ಆಮೇಲೆ ಫಾರ್ಮಿಗೆಂದೇ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಲೇಬಲ್ಲಿನ ಅಳತೆಯಂತೆ ತುಂಬಿಸಿ, ಒಂದಿಡೀ ದಿನ ನಿಲ್ಲಿಸಿ. ಅದು ಅಂಟನ್ನೇ ಒಡೆಯುತ್ತದೆ. ಮತ್ತೆ ರಭಸದಿಂದ ತೊಳೆಯಿರಿ. ಸುಣ್ಣ ಕಟ್ಟಿದ್ದರೆ ನಂತರ ಸಿಟ್ರಿಕ್ ಆಮ್ಲ. ಲೋಳೆ ಸುಣ್ಣದ ಒರಟು ಹಿಡಿದೇ ಮತ್ತೆ ಬೆಳೆಯುತ್ತದೆ. ಆಮ್ಲವನ್ನು ಬ್ಲೀಚಿಂಗಿನ ಜೊತೆ ಒಂದೇ ಬಕೆಟ್ಟಿನಲ್ಲಿ ಯಾವತ್ತೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕೋಳಿ ಬಂದ ಮೇಲೆ ಕ್ಲೋರಿನ್ ಅಳೆಯುವುದು ಕೊನೆಯ ನಿಪ್ಪಲಿನಲ್ಲಿ.

ಲಸಿಕೆಯ ದಿನ ಮಾತ್ರ ಲೆಕ್ಕ ತಿರುಗುತ್ತದೆ. ಗುಂಬೊರೊ ಎಂಬ ಕೋಳಿ ರೋಗಕ್ಕೆ ನೀರಿನಲ್ಲಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ, ಕ್ಲೋರಿನ್ ಅದನ್ನೂ ಕೊಲ್ಲುತ್ತದೆ. ಹಾಗಾಗಿ ಒಂದೆರಡು ದಿನ ಮುಂಚೆಯೇ ಕ್ಲೋರಿನ್ ನಿಲ್ಲಿಸಿ, ಲಸಿಕೆಯ ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸುತ್ತಾರೆ. ಆ ಹಾಲು ಪೈಪಿನಲ್ಲಿ ಉಳಿದರೆ ಲೋಳೆಗೆ ಮತ್ತೆ ಹಬ್ಬ. ಕೋಳಿಗಳು ಲಸಿಕೆಯ ನೀರನ್ನೆಲ್ಲ ಕುಡಿದು ಮುಗಿಸಿದ ಮೇಲೆ ಲೈನ್ ಚೆನ್ನಾಗಿ ತೊಳೆದು, ಮರುದಿನ ಕ್ಲೋರಿನ್ ಶುರು ಮಾಡಬೇಕು.